ಸಾಹೇಬರ ಕುರ್ಚಿಗೆ ನಾಲ್ಕು ಗಾಲಿ

ನಮ್ಮ ಕಡೆ ಕುರ್ಚಿಗಾಗಿ ಹೊಡೆದಾಡುವವರಿಗೆ ಬರಗಾಲವಿಲ್ಲ. ಗ್ರಾಮ ಪಂಚಾಯಿತಿಯಿಂದ ಹಿಡಿದು ಪತ್ತಿನ ಸೊಸೈಟಿಯವರೆಗೆ, ಹಾಲಿನ ಡೇರಿಯಿಂದ ಹಿಡಿದು ಸಕ್ಕರೆ ಕಾರ್ಖಾನೆಯವರೆಗೆ, ನಾಲ್ಕು ಜನ ಕೂತರೆ ಮಾತು ಕುರ್ಚಿಯದೇ. ಯಾರ ಕುರ್ಚಿ ಗಟ್ಟಿ, ಯಾರದು ಅಲ್ಲಾಡುತ್ತಿದೆ ಎಂದು ರಾತ್ರಿ ಹನ್ನೊಂದರವರೆಗೆ ವಾದಿಸುವ ಈ ಜನರಲ್ಲಿ ಒಬ್ಬನಾದರೂ ಬಗ್ಗಿ ಕುರ್ಚಿಯ ಅಡಿಯ ಗಾಲಿ ನೋಡಿದ್ದುಂಟೇ? ಮೂಡಲಗಿ, ಗೋಕಾಕ, ಹುಕ್ಕೇರಿ ಮೂರೂ ತಾಲೂಕು ಸೇರಿಸಿದರೂ ಹಾಗೆ ಬಗ್ಗಿದವನು ನಾನೊಬ್ಬನೇ ಇರಬೇಕು. ಬಗ್ಗುವುದು ಸುಲಭವಾಗಿತ್ತು. ಏಳುವುದಕ್ಕೆ ಮಾತ್ರ ಮನೆಯವರೆಲ್ಲ ಕೈ ಹಾಕಬೇಕಾಯಿತು.

ನಾನು ನಿವೃತ್ತ ಗಣಿತ ಮಾಸ್ತರ. ಊರು ತುಕ್ಕಾನಟ್ಟಿ. ಮೊದಲು ಗೋಕಾಕ ತಾಲೂಕಿನಲ್ಲಿದ್ದೆವು, ಈಗ ಮೂಡಲಗಿ ತಾಲೂಕಿನಲ್ಲಿದ್ದೇವೆ. ಊರು ಇದ್ದಲ್ಲೇ ಇದೆ, ತಾಲೂಕು ಸರಿದಿದೆ. ಹೊರಗಿನವರಿಗೆ ತುಕ್ಕಾನಟ್ಟಿ ಅಂದರೆ ಕೃಷಿ ವಿಜ್ಞಾನ ಕೇಂದ್ರ. ಕಬ್ಬು, ಗೋವಿನಜೋಳ, ಅರಿಷಿಣ ಬೆಳೆಯುವ ಸುತ್ತಲಿನ ರೈತರಿಗೆ ಮೊದಲು ಮಣ್ಣು ಪರೀಕ್ಷೆ, ಆಮೇಲೆ ಗೊಬ್ಬರ ಎಂದು ಹೇಳಿಕೊಡುವ ಜಾಗ ಅದು. ಈ ಮಾತನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಿ. ಮುಂದೆ ನಮ್ಮ ಮನೆಯಾಕೆ ಇದನ್ನೇ ನನ್ನ ಮೇಲೆ ಪ್ರಯೋಗಿಸುವವಳಿದ್ದಾಳೆ.

ಕುರ್ಚಿಯ ವಿಷಯಕ್ಕೆ ಬರೋಣ. ಒಂದು ಸಹಕಾರಿ ಸಂಘದವರು ಹಳೆಯ ಸಾಮಾನು ಹರಾಜಿಗೆ ಹಾಕಿದಾಗ ನನ್ನ ಕಣ್ಣಿಗೆ ಬಿದ್ದದ್ದು ಅದು. ಅಪ್ಪಟ ಸಾಗವಾನಿ. ಬೆನ್ನಿಗೆ ಬಾಗಿದ ಕಂಬಿಗಳು, ಕೈಯಿಡಲು ಅಗಲವಾದ ತೋಳು, ಕೂರಲು ಬೆತ್ತದ ಹೆಣಿಕೆ, ಕೆಳಗೆ ತಿರುಪಿನ ದಪ್ಪ ಕಬ್ಬಿಣದ ದಿಂಡು, ಅದರ ಕೆಳಗೆ ನಾಲ್ಕು ದಿಕ್ಕಿಗೆ ಚಾಚಿದ ನಾಲ್ಕು ಮರದ ಕಾಲು, ಕಾಲಿಗೊಂದು ಗಾಲಿ. ಎಷ್ಟೋ ಮಂದಿ ಚೇರಮನ್ ಸಾಹೇಬರು ಅದರಲ್ಲಿ ಕೂತು ಸಹಿ ಹಾಕಿದ್ದರಂತೆ. ಹರಾಜಿನಲ್ಲಿ ನನ್ನ ವಿರುದ್ಧ ಕೂಗಿದವನು ಗುಜರಿಯವನೊಬ್ಬನೇ. ಅವನೂ ಕಟ್ಟಿಗೆಯ ತೂಕದ ಮೇಲೆ ಕೇಳುತ್ತಿದ್ದ. ಹಾಗಾಗಿ ಗೆದ್ದೆ ಎನ್ನುವುದಕ್ಕಿಂತ, ಅವನು ಬದುಕಿಕೊಂಡ ಎಂದು ಹೇಳುವುದೇ ವಾಸಿ.

ಮೂವತ್ತು ವರ್ಷ ಸರಕಾರಿ ಶಾಲೆಯಲ್ಲಿ ನಿಂತೇ ಪಾಠ ಮಾಡಿದವನಿಗೆ ತಿರುಗುವ ಕುರ್ಚಿಯ ಆಸೆ ಎಷ್ಟಿರುತ್ತದೆ ಎಂಬುದು ಕೂತವರಿಗೆ ತಿಳಿಯದು. ಅದರಲ್ಲಿ ಕೂತರೆ ಸಾಕು, ನನ್ನೊಳಗೆ ಅಡಗಿರುವ ಸಾಹಿತಿ ಎದ್ದು ಬರುತ್ತಾನೆ ಎಂಬ ನಂಬಿಕೆ ನನಗಿತ್ತು. ಕೂತೆ. ಸಾಹಿತಿ ಏಳಲಿಲ್ಲ. ಕುರ್ಚಿಯೇ ಇಳಿಯಿತು. ದಿಂಡಿನ ತಡೆ ಸವೆದಿದ್ದರಿಂದ ಎಡಕ್ಕೆ ತಿರುಗಿದಾಗೆಲ್ಲ ಅದು ಒಂದೊಂದು ಸುತ್ತು ಕೆಳಗಿಳಿಯುತ್ತಿತ್ತು. ಅದನ್ನು ಬಡಿಗೇರ ಕಾಕಾ ಸರಿಮಾಡಿದರು. ಉಳಿದದ್ದು ಗಾಲಿಗಳು.

ಅವು ಹಳೆಯ ಕಾಲದ ಬೀಡು ಕಬ್ಬಿಣದ ಗಾಲಿಗಳು, ವ್ಯಾಸ ಸುಮಾರು ಒಂದೂಕಾಲು ಇಂಚು. ಒಂದು ಮುರಿದಿತ್ತು, ಒಂದು ತಿರುಗುತ್ತಿರಲಿಲ್ಲ, ಒಂದು ತಿರುಗಿದರೆ ನಿಲ್ಲುತ್ತಿರಲಿಲ್ಲ, ನಾಲ್ಕನೆಯದರ ಜಾಗದಲ್ಲಿ ಸಂಘದವರು ಹಳೆಯ ರಶೀದಿ ಪುಸ್ತಕ ಮಡಚಿ ಇಟ್ಟಿದ್ದರು. ನಮ್ಮ ಪಡಸಾಲೆಗೆ ಶಹಾಬಾದಿನ ಫರ್ಸಿ ಹಾಸಿದೆ. ಅದರ ಮೇಲೆ ಬೀಡಿನ ಗಾಲಿ ಸರಿದರೆ ಬರುವ ಸದ್ದಿಗೆ ಮಧ್ಯಾಹ್ನ ಮಲಗಿದ್ದ ನಮ್ಮ ಅವ್ವ ದಿಗ್ಗನೆ ಎದ್ದು, “ಯಾರ ಮನೀಗಿ ಗಿರಣಿ ಬಂತೋ?” ಎಂದು ಕೇಳುತ್ತಿದ್ದಳು. ಸದ್ದು ಹೋದ ಮೇಲೆ ಕಲ್ಲಿನ ಮೇಲೆ ಬಿಳಿ ಗೆರೆ ಉಳಿಯುತ್ತಿತ್ತು. ಗೆರೆಗಳನ್ನು ನೋಡಿ ನಮ್ಮ ಮನೆಯಾಕೆ, “ಭೂಮಿತಿ ಸಾಲ್ಯಾಗ ಮುಗೀತು ಅಂದಿದ್ರಿ?” ಎಂದಳು.

“ಗಾಲಿನ ತಗದ ಬಿಡ್ರಿ. ಕುರ್ಚಿಗಿ ಎಲ್ಲಿಗಿ ಹೋಗೂದೈತಿ?” ಇದು ಆಕೆಯ ಸಲಹೆ.

ನಾನು ಚಾರ್ಲ್ಸ್ ಡಾರ್ವಿನ್ನನನ್ನು ಕರೆತಂದೆ. ಇಂಗ್ಲೆಂಡಿನ ಕೆಂಟ್ ಜಿಲ್ಲೆಯ ಡೌನ್ ಎಂಬ ಹಳ್ಳಿಯಲ್ಲಿ ಆತನ ಮನೆ ಇತ್ತು. ಓದುವ ಕೋಣೆಯ ಕುರ್ಚಿಗೆ ಗಾಲಿ ಹಾಕಿಸಿಕೊಂಡಿದ್ದ, ಏಳದೆಯೇ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿದು ತನ್ನ ಮಾದರಿಗಳನ್ನು ನೋಡುತ್ತಿದ್ದ, ಕುರ್ಚಿಯ ತೋಳುಗಳ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದ. 1859ರಲ್ಲಿ ಜೀವಿಗಳ ಉಗಮದ ಪುಸ್ತಕ ಹೊರಬಂದದ್ದು ಅಂಥ ಕುರ್ಚಿಯಿಂದ. ಅಮೆರಿಕದ ಥಾಮಸ್ ವಾರನ್ ಎಂಬವನು 1849ರಲ್ಲಿಯೇ ಸ್ಪ್ರಿಂಗು, ಗಾಲಿ ಎರಡೂ ಇರುವ ತಿರುಗು ಕುರ್ಚಿ ಮಾಡಿದ್ದ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಜನ ಅದನ್ನು ನೋಡಿದರು. 1876ರಲ್ಲಿ ಡೇವಿಡ್ ಫಿಶರ್ ಎಂಬ ಕಪ್ಪು ಅಮೆರಿಕನ್ ಕುಶಲಕರ್ಮಿ ಪೀಠೋಪಕರಣದ ಗಾಲಿಗೆ ಪೇಟೆಂಟು ಪಡೆದ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಆಕೆ ಮೆಂತ್ಯೆ ಸೊಪ್ಪು ಸೋಸುತ್ತ ಎಲ್ಲವನ್ನೂ ಕೇಳಿದಳು. “ಡಾರ್ವಿನ್ನ ಏಳದ ಮಂಗ್ಯಾದಿಂದ ಮನಷ್ಯಾ ಹೆಂಗಾದಾ ಅಂತ ಕಂಡ ಹಿಡದಾ. ನೀವು ಏಳದ ಏನ ಕಂಡ ಹಿಡೀತೀರಿ? ರಿಮೋಟಾ?”

ಈ ಮಾತು ಕಟ್ಟೆಯ ಮೇಲೆ ಕೂತವರಿಗೆ ಕೇಳಿಸಿತು. ಕಟ್ಟೆಯ ಮೇಲೆ ಕೂತವರಿಗೆ ಕೇಳಿಸಿದ ಮೇಲೆ ಅದು ನಮ್ಮ ಮನೆಯ ವಿಷಯವಾಗಿ ಉಳಿಯುವುದಿಲ್ಲ. ಸಂಜೆಯೊಳಗೆ ಕುರ್ಚಿ ಕಟ್ಟೆಗೆ ಬಂತು, ಬೋರಲು ಬಿತ್ತು, ನಾಲ್ಕೂ ಕಾಲು ಆಕಾಶಕ್ಕೆ ಎತ್ತಿ ಪಂಚರ ಮುಂದೆ ಮಲಗಿತು.

ಪಕ್ಕದ ಮನೆಯ ಅಣ್ಣಾ ಚಕ್ಕಡಿ ಹೂಡಿ ಬೆಳೆದವರು. “ಗಾಲಿ ಬಾಳಿಕಿ ಬರಬೇಕಂದ್ರ ಕಬ್ಬಣದ ಪಟ್ಟಿ ಏರಸ್ಬೇಕ್ರೀ ಮಾಸ್ತರ” ಎಂದರು. ಅವರ ಮಾತಿನಲ್ಲಿ ವಿದ್ಯೆ ಇತ್ತು. ಚಕ್ಕಡಿಯ ಮರದ ಗಾಲಿಗೆ ಹಾಕುವ ಕಬ್ಬಿಣದ ಪಟ್ಟಿಯನ್ನು ಗಾಲಿಗಿಂತ ತುಸು ಸಣ್ಣದಾಗಿಯೇ ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಹಿಗ್ಗಿದಾಗ ಮರಕ್ಕೆ ಏರಿಸಿ, ನೀರು ಸುರಿದರೆ ಕುಗ್ಗಿ, ಹಲ್ಲು, ಕೀಲು, ಗುಂಬ ಎಲ್ಲವನ್ನೂ ಒಟ್ಟಿಗೆ ಬಿಗಿದು ಹಿಡಿಯುತ್ತದೆ. ಹತ್ತನೇ ತರಗತಿಯ ಮಕ್ಕಳಿಗೆ ಉಷ್ಣದಿಂದ ಲೋಹ ಹಿಗ್ಗುವುದನ್ನು ವಿಜ್ಞಾನದ ಮಾಸ್ತರು ವಾರಗಟ್ಟಲೆ ಹೇಳಿಕೊಡುತ್ತಿದ್ದರು. ನಮ್ಮೂರ ಕಮ್ಮಾರರು ಒಂದು ಮುಂಜಾನೆಯಲ್ಲಿ ಮಾಡಿ ತೋರಿಸುತ್ತಿದ್ದರು. ಆದರೆ ಒಂದೂಕಾಲು ಇಂಚಿನ ಗಾಲಿಗೆ ಪಟ್ಟಿ ಏರಿಸುವುದೆಂದರೆ ಫರ್ಸಿಯ ಮೇಲೆ ಮತ್ತೆ ಕಬ್ಬಿಣವೇ. ಒಳಗಿನಿಂದ ಕೆಮ್ಮಿದ ಸದ್ದು ಬಂತು. ನಮ್ಮ ಮನೆಯಾಕೆಗೆ ಕೆಮ್ಮಿರಲಿಲ್ಲ.

ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗ ಬೇರಿಂಗಿನ ಪಕ್ಷ. ಹಳೆಯ ಮೋಟಾರಿನ ಬೇರಿಂಗುಗಳನ್ನೇ ಗಾಲಿ ಮಾಡಿದರೆ ಇನ್ನು ನೂರು ವರ್ಷ ಚಿಂತೆಯಿಲ್ಲ ಎಂದ. ನಮ್ಮೂರ ಹುಡುಗರು ಹಲಗೆಗೆ ಬೇರಿಂಗ್ ಕಟ್ಟಿ ಡಾಂಬರು ಇಳಿಜಾರಿನಲ್ಲಿ ಬಿಡುವ ಬಂಡಿಗಳು ನೆನಪಾಗಿ, ಅದರ ಮೇಲೆ ನಿವೃತ್ತ ಮಾಸ್ತರನನ್ನು ಕೂರಿಸಿ ಊಹಿಸಿಕೊಂಡವರು ಬಹಳ ಹೊತ್ತು ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ತುಸು ತಡವಾಗಿ.

ಕೆಲಸಕ್ಕೆ ಬರುವ ಮಾತು ಆಡಿದವರು ಬಡಿಗೇರ ಕಾಕಾ. ಅವರು ಗಾಲಿಯ ಕಡೆ ನೋಡಲೇ ಇಲ್ಲ. ಗಾಲಿ ಹೋಗಿ ಕೂರುವ ತೂತಿನಲ್ಲಿ ಕಿರುಬೆರಳು ಹಾಕಿ ತಿರುಗಿಸಿದರು. “ಮಾಸ್ತರ, ಗಾಲಿ ಹೊಸಾದ ಬರತೈತಿ. ತೂತ ಹಳೇದ ಇರತೈತಿ” ಎಂದರು. ಹಳೆಯ ಮರದ ಕುರ್ಚಿಗಳಲ್ಲಿ ಗಾಲಿಯ ತಲೆಯ ಮೇಲೊಂದು ಕಬ್ಬಿಣದ ಗೂಟ ಇರುತ್ತದೆ. ಅದು ನೇರ ಮರಕ್ಕೆ ಹೋಗುವುದಿಲ್ಲ. ಮರದೊಳಗೆ ಬಡಿದ ಲೋಹದ ಕೊಳವೆಯಲ್ಲಿ ಕೂರುತ್ತದೆ. ಕೊಳವೆ ಸಡಿಲಾದರೆ ಗೂಟ ಓಲಾಡುತ್ತದೆ, ಓಲಾಡಿದರೆ ತೂತು ಮೊಟ್ಟೆಯಾಕಾರಕ್ಕೆ ಅಗಲವಾಗುತ್ತದೆ, ಅಗಲವಾದ ತೂತಿಗೆ ಜಗತ್ತಿನ ಅತ್ಯಂತ ದುಬಾರಿ ಗಾಲಿ ಹಾಕಿದರೂ ಕಾಲು ಸೀಳುತ್ತದೆ. ಚಾಚಿದ ಕಾಲಿನ ತುದಿಯಲ್ಲಿ, ಅಂಚಿಗೆ ಇಷ್ಟು ಹತ್ತಿರ, ಮರದ ಎಳೆಗೆ ಅಡ್ಡವಾಗಿ ಕೊರೆದ ತೂತು ಅದು. ಎಂಥ ದಾಂಡೇಲಿ ಸಾಗವಾನಿಯಾದರೂ ಎಳೆಯ ಗುಂಟ ಬಿರುಕು ಬಿಡುತ್ತದೆ.

ಇದಕ್ಕೆ ಕಾಕಾ ಮಾಡಿದ ಮದ್ದು ಸರಳ. ಹಳೆಯ ಕೊಳವೆ ಕಿತ್ತರು. ತೂತನ್ನು ದುಂಡಗೆ ದೊಡ್ಡದು ಮಾಡಿದರು. ಗಟ್ಟಿ ಮರದ ಗೂಟವೊಂದನ್ನು ಕೆತ್ತಿ ಫೆವಿಕಾಲ್ ಹಚ್ಚಿ ಬಡಿದು, ಒಂದು ರಾತ್ರಿ ಒಣಗಲು ಬಿಟ್ಟರು. ಮರುದಿನ ಆ ಗೂಟದ ನಡುವೆ ಹೊಸ ತೂತು ಕೊರೆಯುವವರಿದ್ದರು. “ಯಾವ ಅಳತಿ ಕೊರೀಲಿ?” ಎಂದು ಕೇಳಿದಾಗ ನಾನು “ಗಾಲಿ ಅಳತಿ” ಎಂದೆ. “ಗಾಲಿ ಎಲ್ಲೈತಿ?” ಎಂದರು. ಹೀಗೆ ಗಣಿತದಲ್ಲಿ ಅಜ್ಞಾತ ರಾಶಿ ಎಂದರೆ ಏನೆಂಬುದನ್ನು ಬಡಿಗೇರ ಕಾಕಾ ನನಗೆ ಮತ್ತೊಮ್ಮೆ ಹೇಳಿಕೊಟ್ಟರು.

ಗೋಕಾಕಕ್ಕೆ ಹೋದೆವು. ಹೋದೆವು ಎಂದರೆ ಬಹುವಚನ. ದುಡ್ಡು ಆಕೆಯ ಚೀಲದಲ್ಲಿರುತ್ತದೆ. ಹಾರ್ಡ್‌ವೇರ್ ಅಂಗಡಿಯ ಸಾಹುಕಾರರು, “ಯಾವ ಗಾಲಿ ಬೇಕ್ರೀ ಸರ? ಮಂಚದ್ದೋ, ಟ್ರಾಲಿದ್ದೋ, ಗೇಟಿಂದೋ, ಕುರ್ಚಿದ್ದೋ?” ಎಂದರು. ಕುರ್ಚಿಯದು ಎಂದೆ. “ಪ್ಲೇಟಿಂದೋ, ಥ್ರೆಡ್ಡಿಂದೋ, ಪಿನ್ನಿಂದೋ?” ಎಂದರು. ಇದು ಮುಖ್ಯವಾದ ಪ್ರಶ್ನೆ. ಪ್ಲೇಟಿನ ಗಾಲಿಗೆ ನಾಲ್ಕು ಸ್ಕ್ರೂ ಹಿಡಿಯುವಷ್ಟು ಅಗಲ ಜಾಗ ಬೇಕು; ಪೆಟ್ಟಿಗೆ, ಕಪಾಟಿಗೆ ಸರಿ, ಕುರ್ಚಿಯ ಕಾಲಿನ ತುದಿಗೆ ಅಷ್ಟು ಜಾಗವೆಲ್ಲಿಯದು? ಥ್ರೆಡ್ಡಿನದಕ್ಕೆ ಮರದೊಳಗೆ ನಟ್ಟು ಕೂರಿಸಬೇಕು. ಪಿನ್ನಿನದು ಕೊಳವೆಯಲ್ಲಿ ಒತ್ತಿದರೆ ಕೂರುತ್ತದೆ. ಪಿನ್ನಿನ ಸುತ್ತ ಸಣ್ಣ ತಂತಿಯ ಬಳೆಯೊಂದಿದ್ದು ಅದೇ ಕಚ್ಚಿ ಹಿಡಿಯುತ್ತದೆ. ಈಗಿನ ಆಫೀಸು ಕುರ್ಚಿಗಳ ಪಿನ್ನು ಸಾಮಾನ್ಯವಾಗಿ 11 ಮಿಲಿಮೀಟರ್ ದಪ್ಪ, 22 ಮಿಲಿಮೀಟರ್ ಉದ್ದ. ಹಳೆಯ ಮರದ ಕುರ್ಚಿಯದು ಇದಕ್ಕಿಂತ ತೆಳ್ಳಗೆ, ಉದ್ದ. ನೋಡಲು ಒಂದೇ ಥರ, ಹಾಕಲು ಹೋದರೆ ಒಂದು ಹೋಗುವುದಿಲ್ಲ, ಇನ್ನೊಂದು ನಿಲ್ಲುವುದಿಲ್ಲ. ನಮ್ಮದು ಹೊಸ ತೂತಾದ್ದರಿಂದ ಗಾಲಿಗೆ ತಕ್ಕ ಕೊಳವೆಯನ್ನೂ ಕೊಂಡರೆ ಮುಗಿಯಿತು.

“ಎಷ್ಟ ತೂಕಾ ಹೊರಬೇಕ್ರೀ?” ಎಂದರು ಸಾಹುಕಾರರು.

ಇಲ್ಲಿ ನನ್ನ ಗಣಿತ ಮೈಕೊಡವಿ ಎದ್ದಿತು. ನಾಲ್ಕು ಗಾಲಿ ಇದ್ದರೆ ತೂಕವನ್ನು ನಾಲ್ಕರಿಂದ ಭಾಗಿಸಬಾರದು. ನೆಲ ಎಲ್ಲೂ ಪೂರ್ತಿ ಸಮವಿರುವುದಿಲ್ಲ. ಯಾವುದಾದರೂ ಒಂದು ಗಾಲಿ ಸದಾ ಗಾಳಿಯಲ್ಲಿ ತೇಲುತ್ತಿರುತ್ತದೆ, ಹೊರೆ ಮೂರರ ಮೇಲೆಯೇ ಬೀಳುತ್ತದೆ. ಆದ್ದರಿಂದ ಮೂರರಿಂದ ಭಾಗಿಸಬೇಕು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಕೇಳುವಂತೆ ಇದನ್ನು ವಿವರಿಸಿ, “ಕುರ್ಚಿ ಇಪ್ಪತ್ತ ಕೇಜಿ, ನಾನು ಎಪ್ಪತ್ತನಾಕ. ಒಟ್ಟ ತೊಂಬತ್ತನಾಕ. ಮೂರರಿಂದ ಭಾಗಿಸಿದ್ರ...” ಎಂದೆ.

“ತೊಂಬತ್ತೊಂದ” ಎಂದಳು ನಮ್ಮ ಮನೆಯಾಕೆ.

“ಒಟ್ಟು ತೊಂಬತ್ತನಾಕ ಆಗತೈತಿ” ಎಂದೆ.

“ಒಟ್ಟಲ್ರೀ. ನೀವಷ್ಟ. ದವಾಖಾನ್ಯಾಗ ತೂಗ್ಯಾರ.”

ಗಿರಾಕಿಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಕೆಯ ಲೆಕ್ಕದ ಕಡೆಗೇ ಬಹುಮತವಿತ್ತು. ತೊಂಬತ್ತೊಂದಕ್ಕೆ ಇಪ್ಪತ್ತು ಕೂಡಿಸಿ ಮೂರರಿಂದ ಭಾಗಿಸಿದರೆ 37 ಕಿಲೋ. ಸಾಹುಕಾರರು, “ನಲ್ವತ್ತರದ್ದ ಬ್ಯಾಡ, ಐವತ್ತರದ್ದ ತಗೋರಿ. ಸರ ಮೆಲ್ಲಕ ಕುಂಡ್ರೂ ಪೈಕಿ ಕಾಣಾಂಗಿಲ್ಲ” ಎಂದರು. ಇದೂ ಶಾಸ್ತ್ರೋಕ್ತವೇ. ದೊಪ್ಪನೆ ಕೂತಾಗ ಗಾಲಿಯ ಮೇಲೆ ಬೀಳುವ ಹೊಡೆತ ತಕ್ಕಡಿಯ ತೂಕಕ್ಕಿಂತ ಹೆಚ್ಚು. ನನಗೆ ಈ ತೂಕ ಬಂದದ್ದು ಹೇಗೆಂದು ಯಾರೂ ಕೇಳಲಿಲ್ಲ. ಗೋಕಾಕದ ಅಂಗಡಿಯಲ್ಲಿ ನಿಂತವರಿಗೆ ಕರದಂಟಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಗೋಡಂಬಿ, ಬೆಲ್ಲ, ಕೊಬ್ಬರಿ, ಅಂಟು ಸೇರಿಸಿ ಬಾಣಂತಿಯರ ಮೈಗೆ ಬಲ ಬರಲೆಂದು ತಿನ್ನಿಸುವ ತಿನಿಸನ್ನು ನಾನು ಬಾಣಂತನದ ಹಂಗಿಲ್ಲದೆ ತಿಂದವನು.

ಇಷ್ಟಾದ ಮೇಲೆ ಸಾಹುಕಾರರು ಕಪ್ಪು ನೈಲಾನಿನ ಗಾಲಿ ತೆಗೆದು ಕಟ್ಟೆಯ ಮೇಲೆ ಕುಟ್ಟಿ ತೋರಿಸಿದರು. ಕಟ್ಟೆ ನಡುಗಿತು, ಗಾಲಿಗೆ ಏನೂ ಆಗಲಿಲ್ಲ. ಐವತ್ತು ಮಿಲಿಮೀಟರು, ಒಳಗೆ ಬೇರಿಂಗು, ಕುತ್ತಿಗೆಗೂ ಛರ್ರೆ. ಬೆರಳಿನಿಂದ ತಿರುಗಿಸಿದರೆ ನಾವು ಚಹಾ ಕುಡಿದು ಮುಗಿಸುವವರೆಗೆ ತಿರುಗುತ್ತಿತ್ತು. ಗಟ್ಟಿಯಾದದ್ದು ಬಾಳಿಕೆ ಬರುತ್ತದೆ, ಸಲೀಸಾಗಿ ತಿರುಗುವುದು ಒಳ್ಳೆಯದು: ಈ ಎರಡು ಸೂತ್ರಗಳ ಮೇಲೆ ವ್ಯವಹಾರ ಮುಗಿಯಿತು.

ಕಾಕಾ ಗಾಲಿ ಕೂರಿಸಿದರು. ಕುರ್ಚಿ ಮುಕ್ಕಾಲು ಇಂಚು ಎತ್ತರವಾಯಿತು. ದಿಂಡು ತಿರುಗಿಸಿ ಇಳಿಸಿದರು. ನಾನು ಕೂತೆ. ಹೊಸ ನೋಟುಬುಕ್ಕು ತೆರೆದೆ. ಲೇಖನದ ಮೊದಲ ಸಾಲು ಹೊಳೆಯಿತು. ಬರೆದೆ. ಎರಡನೆಯ ಸಾಲು ಬರೆಯುವಾಗ ಟೇಬಲ್ಲು ದೂರವಿತ್ತು. ಕೈ ಚಾಚಿದೆ. ಮೂರನೆಯ ಸಾಲಿಗೆ ಟೇಬಲ್ಲು ಕಾಣುತ್ತಿತ್ತು ಅಷ್ಟೆ. ಕುರ್ಚಿ ಸದ್ದಿಲ್ಲದೆ ಹಿಂದಕ್ಕೆ ಹೊರಟಿತ್ತು. ಸದ್ದಿಲ್ಲದೆ ಎಂದೆನಲ್ಲ, ಫರ್ಸಿಯ ಸಂದಿ ಬಂದಾಗೊಮ್ಮೆ ಟಕ್ ಎನ್ನುತ್ತಿತ್ತು. ಟಕ್, ಟಕ್, ಟಕ್ ಎಂದು ಅವ್ವನ ಹಾಸಿಗೆ ದಾಟಿ, ಕಾಳಿನ ಚೀಲ ದಾಟಿ, ಹೊಸ್ತಿಲಿಗೆ ಡಿಕ್ಕಿ ಹೊಡೆದು ನಿಂತಿತು. ಕಟ್ಟೆಯ ಮೇಲಿದ್ದ ಅಣ್ಣಾ ತಿರುಗಿ ನೋಡಿ, “ಬರ್ರಿ ಮಾಸ್ತರ, ಬರ್ರಿ” ಎಂದು ಎದ್ದು ಜಾಗ ಬಿಟ್ಟುಕೊಟ್ಟರು. ನಾನು ಬರೆಯುವ ಭಂಗಿಯಲ್ಲೇ ಇದ್ದೆ.

ನನ್ನ ಗಣಿತ ಎಲ್ಲಿಯೂ ತಪ್ಪಿರಲಿಲ್ಲ. ಭಾಗಾಕಾರ ಸರಿ, ತೂಕ ಸರಿ, ಅಳತೆ ಸರಿ. ಆದರೂ ದಿನವೂ ಕುರ್ಚಿ ನನ್ನನ್ನು ಹೊತ್ತು ಬೀದಿಯ ಕಡೆಗೇ ಹೊರಡುತ್ತಿತ್ತು. ಎದ್ದು ನೀರು ಕುಡಿದು ಬರುವಷ್ಟರಲ್ಲಿ ಖಾಲಿ ಕುರ್ಚಿಯೂ ಬಾಗಿಲಿಗೆ ಹೋಗಿ ಕಾಯುತ್ತಿತ್ತು. ಕುರ್ಚಿಯಲ್ಲಿ ಹಳೆಯ ಚೇರಮನ್ ಸಾಹೇಬರೊಬ್ಬರ ಆತ್ಮವಿದ್ದು ಅದು ಈಗಲೂ ಮೀಟಿಂಗಿಗೆ ಹೊರಡುತ್ತದೆ ಎಂದು ಅವ್ವ ತೀರ್ಮಾನಿಸಿದಳು, ನಿಂಬೆಹಣ್ಣು ಇಳಿತೆಗೆದಳು. ನಿಂಬೆಹಣ್ಣೂ ಉರುಳಿ ಹೊಸ್ತಿಲಿಗೇ ಹೋಯಿತು.

ಉರುಳಿದ ನಿಂಬೆಹಣ್ಣನ್ನು ನೋಡಿ ನಮ್ಮ ಮನೆಯಾಕೆ ಹೇಳಿದಳು: “ಹೊಲಕ್ಕ ಗೊಬ್ಬರಾ ಹಾಕೂಮುಂದ ಮಣ್ಣ ಪರೀಕ್ಷಾ ಮಾಡಸ್ರಿ ಅಂತ ಊರ ಮಂದಿಗೆಲ್ಲಾ ಹೇಳ್ತೀರಿ. ಗಾಲಿ ಹಾಕೂಮುಂದ ನೆಲಾ ನೋಡಬಾರದೇನ್ರೀ?”

ನಮ್ಮ ಭಾಗದ ಹಳೆಯ ಮನೆಗಳ ನೆಲವನ್ನು ಗಾಲಿಗಾಗಿ ಹಾಕಿಲ್ಲ, ನೀರಿಗಾಗಿ ಹಾಕಿದೆ. ಹಬ್ಬ ಹುಣ್ಣಿಮೆಗೆ ಕೊಡ ಕೊಡ ನೀರು ಸುರಿದು ಪಡಸಾಲೆ ತೊಳೆದರೆ ಅದು ತಾನಾಗಿ ಬಾಗಿಲಿಗೆ ಹರಿದು ಹೋಗಬೇಕು. ಅದಕ್ಕೆಂದೇ ಗೌಂಡಿ ಇಳಿಜಾರು ಬಿಟ್ಟಿರುತ್ತಾನೆ. ಗೌಂಡಿಯ ಲೆವೆಲ್ ಪೈಪು ತಂದು ನಾನೇ ಹಿಡಿದು ನೋಡಿದೆ: ಹದಿನೈದು ಅಡಿಗೆ ಎರಡಿಂಚು. ಅಂದರೆ ತೊಂಬತ್ತಕ್ಕೆ ಒಂದು. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ತಿಳಿಯುವುದಿಲ್ಲ, ಒಳ್ಳೆಯ ಬೇರಿಂಗಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಹಳೆಯ ಬೀಡಿನ ಗಾಲಿಗಳು ತುಕ್ಕು ಹಿಡಿದದ್ದರಿಂದಲೇ ಆ ಕುರ್ಚಿ ಮರ್ಯಾದೆಯಿಂದ ಒಂದೆಡೆ ನಿಂತಿತ್ತು.

ಪುಣೆಯಲ್ಲಿರುವ ಮಗನಿಗೆ ಫೋನು ಮಾಡಿದೆ. ಅವನು ಆಫೀಸಿನಲ್ಲಿ ದಿನಕ್ಕೆ ಹತ್ತು ತಾಸು ಗಾಲಿಯ ಮೇಲಿರುವವನು. “ಅಪ್ಪಾ, ನೆಲಾ ಮೆತ್ತಗಿದ್ರ ಗಾಲಿ ಗಟ್ಟಿ ಇರಬೇಕು, ನೆಲಾ ಗಟ್ಟಿ ಇದ್ರ ಗಾಲಿ ಮೆತ್ತಗಿರಬೇಕು” ಎಂದ. ನೈಲಾನಿನ ಗಟ್ಟಿ ಗಾಲಿ ಇರುವುದು ಜಮಖಾನೆ ಹಾಸಿದ ನೆಲಕ್ಕೆ. ಕಲ್ಲು, ಟೈಲ್ಸ್, ಸಿಮೆಂಟಿಗೆ ಪಾಲಿಯುರಿಥೇನ್ ಹೊದಿಕೆಯ ಗಾಲಿ. ಅಂಗಡಿಯವರು ಅದನ್ನು ಪಿಯು ಎನ್ನುತ್ತಾರೆ. ಅದು ಕಲ್ಲನ್ನು ಗೀರುವುದಿಲ್ಲ, ಸಂದಿಯಲ್ಲಿ ಟಕ್ ಎನ್ನುವುದಿಲ್ಲ, ತುಸು ಒತ್ತಿಕೊಂಡು ಹೋಗುವುದರಿಂದ ಸಣ್ಣ ಇಳಿಜಾರಿನಲ್ಲಿ ತಾನಾಗಿ ಓಡುವುದೂ ಕಡಿಮೆ. ಯುರೋಪಿನವರು ಇದಕ್ಕೆ ಇಎನ್ 12529 ಎಂಬ ಮಾನಕವನ್ನೇ ಮಾಡಿದ್ದಾರೆ: ಗಟ್ಟಿ ಗಾಲಿ ಪೂರ್ತಿ ಒಂದೇ ಬಣ್ಣ, ಮೆತ್ತನೆಯ ಗಾಲಿಗೆ ನೆಲ ಮುಟ್ಟುವ ಭಾಗದ ಬಣ್ಣವೇ ಬೇರೆ. ಕಣ್ಣಿನಿಂದಲೇ ಗುರುತು ಹಿಡಿಯಬಹುದು. ರಬ್ಬರೂ ಮೆತ್ತಗೇ, ಆದರೆ ಅಗ್ಗದ ರಬ್ಬರು ನೆಲಕ್ಕೆ ಕಪ್ಪು ಬಳಿಯುತ್ತದೆ, ಬಹುದಿನ ಒಂದೇ ಕಡೆ ನಿಂತರೆ ಚಪ್ಪಟೆಯಾಗುತ್ತದೆ. ಪಿಯುಗೂ ಒಂದು ಶತ್ರುವುಂಟು, ತೇವ. ಕೆಲವು ಬಗೆಯ ಪಿಯು ವರ್ಷಗಟ್ಟಲೆ ತೇವ ಕುಡಿದರೆ ಪುಡಿಪುಡಿಯಾಗಿ ಉದುರುತ್ತದೆ. ನೆಲ ತೊಳೆಯುವ ದಿನ ಕುರ್ಚಿಯನ್ನು ಮಂಚದ ಮೇಲೆ ಏರಿಸಬೇಕು. ಏರಿಸುವವರು ಯಾರೆಂಬುದು ಮಾನಕದಲ್ಲಿ ಬರೆದಿಲ್ಲ. ನಮ್ಮ ಮನೆಯಲ್ಲಿ ಬರೆಯದೆಯೂ ಗೊತ್ತು.

ಅವನೇ ಬ್ರೇಕಿನ ವಿಷಯವನ್ನೂ ಹೇಳಿದ. ಕಾಲಿನಿಂದ ಒತ್ತುವ ಬ್ರೇಕು ಒಂದು ಬಗೆ. ತಾನೇ ಹಿಡಿಯುವ ಬ್ರೇಕಿನಲ್ಲಿ ಎರಡು ಬಗೆ: ಎದ್ದ ಕೂಡಲೇ ಹಿಡಿದು, ಕೂತಾಗ ಬಿಡುವಂಥದ್ದು ಒಂದು, ಕೂತಾಗ ಹಿಡಿದು, ಎದ್ದಾಗ ಬಿಡುವಂಥದ್ದು ಇನ್ನೊಂದು. ಮೊದಲನೆಯದರಲ್ಲಿ ಖಾಲಿ ಕುರ್ಚಿ ಓಡುವುದಿಲ್ಲ, ಎರಡನೆಯದರಲ್ಲಿ ತುಂಬಿದ ಕುರ್ಚಿ ಓಡುವುದಿಲ್ಲ. ನಮ್ಮಲ್ಲಿ ಎರಡೂ ಓಡುತ್ತಿದ್ದುದರಿಂದ ಕಾಲಿನಿಂದ ಒತ್ತುವ ಬ್ರೇಕಿರುವ ಗಾಲಿ ಎರಡು, ಇಲ್ಲದವು ಎರಡು, ನಾಲ್ಕೂ ಒಂದೇ ಎತ್ತರದ ಪಿಯು ಎಂದು ನಿರ್ಧಾರವಾಯಿತು. ಮಾತಿನ ಕೊನೆಗೆ ಮಗ, “ಅಪ್ಪಾ, ನಾಕ ಕಾಲಿನ ಕುರ್ಚ್ಯಾಗ ಭಾಳ ವಾಲಬ್ಯಾಡ” ಎಂದು ಎಚ್ಚರಿಸಿದ. ಲೆಕ್ಕ ಹಾಕಿ ನೋಡಿದೆ. ಕಾಲು ಮೂವತ್ತು ಸೆಂಟಿಮೀಟರ್ ಉದ್ದವಿದ್ದರೆ, ನಾಲ್ಕು ಕಾಲಿನ ಕುರ್ಚಿ ಎರಡು ಕಾಲುಗಳ ನಡುವಿನ ದಿಕ್ಕಿನಲ್ಲಿ ನಡುಬಿಂದುವಿನಿಂದ 21 ಸೆಂಟಿಮೀಟರ್ ಆಚೆ ಭಾರ ಹೋದರೆ ಮಗುಚುತ್ತದೆ. ಐದು ಕಾಲಿನದು 24ರವರೆಗೆ ತಡೆಯುತ್ತದೆ. ಈಗಿನ ಆಫೀಸು ಕುರ್ಚಿಗಳಿಗೆಲ್ಲ ಐದು ಕಾಲು ಇರುವುದು ಈ ಮೂರು ಸೆಂಟಿಮೀಟರಿಗಾಗಿ. ನನ್ನ ಹೊಟ್ಟೆ ಆ ಮೂರನ್ನೂ ಯಾವಾಗಲೋ ದಾಟಿದೆ.

ಹೊಸ ಗಾಲಿ ಬಂತು, ಕೂತಿತು, ನಿಂತಿತು. ಆದರೂ ಬ್ರೇಕು ಒತ್ತುವುದೆಂದರೆ ಬಗ್ಗುವುದು, ಬಗ್ಗುವುದೆಂದರೆ ಮತ್ತೆ ಮನೆಯವರೆಲ್ಲ ಕೈ ಹಾಕುವುದು. ಕಾಲಿನಿಂದಲೇ ಒತ್ತಬಹುದು ಎನ್ನುವವರು ನನ್ನ ಕಾಲು ಮತ್ತು ಬ್ರೇಕಿನ ನಡುವೆ ಏನು ಅಡ್ಡ ಬರುತ್ತದೆ ಎಂಬುದನ್ನು ಮೇಲಿನ ಲೆಕ್ಕದಲ್ಲಿ ನೋಡಿಕೊಳ್ಳಬಹುದು. ಈ ಸಮಸ್ಯೆಗೆ ಕಡೆಯ ಪರಿಹಾರ ಕಂಡುಹಿಡಿದವಳು ನಮ್ಮ ಮನೆಯಾಕೆ. ಒಂದು ದಿನ ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಟೇಬಲ್ಲನ್ನು ಎತ್ತಿಸಿ ಇಳಿಜಾರಿನ ಕೆಳಗಿನ ಕಡೆ, ಬಾಗಿಲ ಪಕ್ಕದ ಗೋಡೆಗೆ ಇರಿಸಿದ್ದಳು. ಈಗ ನಾನು ಎಲ್ಲಿ ಕೂತರೂ, ಬ್ರೇಕು ಒತ್ತದೆ ಬಿಟ್ಟರೆ ಸಾಕು, ಕುರ್ಚಿ ಮೆಲ್ಲಗೆ ಟೇಬಲ್ಲಿನ ಕಡೆಗೇ ಬರುತ್ತದೆ. ಹೊಟ್ಟೆ ಟೇಬಲ್ಲಿಗೆ ತಾಗಿ ನಿಲ್ಲುತ್ತದೆ. ಕೆಲಸ ಬಿಟ್ಟು ಟಿವಿಯ ಕಡೆ ಹೋಗಬೇಕೆಂದರೆ ತೊಂಬತ್ತಕ್ಕೆ ಒಂದರ ಏರು ಹತ್ತಬೇಕು. ಈ ಲೇಖನ ಪೂರ್ತಿಯಾದದ್ದು ಆ ಕಾರಣದಿಂದ.

ಮರದ ಹಳೆಯ ಕುರ್ಚಿ ಇಟ್ಟುಕೊಂಡ ಬಂಧುಗಳಿಗೆ ಕೆಲವು ಮಾತು. ಅಂಗಡಿಗೆ ಹೋಗುವಾಗ ಹಳೆಯ ಗಾಲಿಯನ್ನೂ ಅದರ ಕೊಳವೆಯನ್ನೂ ಕಿಸೆಯಲ್ಲಿಟ್ಟುಕೊಂಡು ಹೋಗಿ. ಅಂದಾಜು ಹೇಳಿ ತರಬೇಡಿ. ಕೊಳ್ಳುವ ಮೊದಲು ಬಡಿಗೇರರಿಗೆ ತೂತು ತೋರಿಸಿ. ಸಡಿಲಿದ್ದರೆ ಗೂಟ ಬಡಿದು ಹೊಸದಾಗಿ ಕೊರೆಸಿ. ಕಲ್ಲು, ಟೈಲ್ಸ್ ನೆಲಕ್ಕೆ ಎರಡು ಬಣ್ಣದ ಪಿಯು ಗಾಲಿ ಕೇಳಿ, ಐವತ್ತು ಮಿಲಿಮೀಟರಿಗಿಂತ ಸಣ್ಣದು ಬೇಡ, ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಹೊಸ್ತಿಲು ದಾಟಿಸುವಾಗ ಕೂತು ತಳ್ಳಿಸಿಕೊಳ್ಳದೆ ಇಳಿದು ಎತ್ತಿ ದಾಟಿಸಿ. ಪಿನ್ನು ಬಾಗುವುದು ಅಲ್ಲೇ. ತಿಂಗಳಿಗೊಮ್ಮೆ ಗಾಲಿಗೆ ಸುತ್ತಿದ ಕೂದಲು, ಕಬ್ಬಿನ ರವದಿ ಕಿತ್ತು ತೆಗೆಯಿರಿ. ನೆಲದ ಮೇಲೊಂದು ನಿಂಬೆಹಣ್ಣು ಬಿಟ್ಟು ಅದು ಯಾವ ಕಡೆ ಉರುಳುತ್ತದೆ ನೋಡಿ, ಟೇಬಲ್ಲನ್ನು ಆ ಕಡೆಗಿಡಿ. ಅಂಗಡಿಯವರು ತೂಕ ಕೇಳಿದಾಗ ಮಾತ್ರ ನೀವು ಬಾಯಿ ಬಿಡಬೇಡಿ. ಜೊತೆಗೆ ಬಂದವರು ಹೇಳುತ್ತಾರೆ, ಅವರು ಹೇಳಿದ್ದೇ ಸರಿಯಿರುತ್ತದೆ.